ಬೆಲೆ ಇಳಿಸಬೇಡಿ, ಬಾಟಲಿ ಬದಲಿಸಿ

ತಿಪಟೂರು ಕೊಬ್ಬರಿಯಿಂದ ಗಾಣದ ಎಣ್ಣೆ ತೆಗೆಯುತ್ತೇವೆ, ತುಮಕೂರಿನ ಅಂಗಡಿಗಳಲ್ಲಿ ನಮ್ಮ ಬಾಟಲಿಯನ್ನು ಯಾರೂ ಕೈಗೆತ್ತಿಕೊಳ್ಳಲ್ಲ, ಬೆಲೆ ಇಳಿಸಬೇಕಾ ಅಂತ ಕೇಳಿದ್ದೀರಿ. ಬೇಡ ಸಾರ್. ಬೆಲೆಯಲ್ಲಿ ದೊಡ್ಡ ಕಂಪನಿಗಳ ಜೊತೆ ಗುದ್ದಾಡೋಕೆ ಆಗಲ್ಲ.

ನಿಮ್ಮದು ನೀಲಿ ಬಾಟಲಿ ಅಂದಿರಿ. ಆ ಬಣ್ಣ ಅಂದರೆ ಪ್ಯಾರಾಚೂಟ್ ಅಂತ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಮೊದಲು ಅದೂ ತಗಡಿನ ಡಬ್ಬಿಯಲ್ಲೇ ಬರುತ್ತಿತ್ತು. ಪ್ಲಾಸ್ಟಿಕ್ ಬಂದಾಗ ಇಲಿ ಕಡಿಯುತ್ತೆ ಅಂತ ಅಂಗಡಿಯವರಿಗೆ ಭಯ. ಇಲಿಗೆ ಹಲ್ಲು ಊರೋಕೆ ಆಗದಂತೆ ಬಾಟಲಿಯನ್ನು ದುಂಡಗೆ ಮಾಡಿದರು. ಅಂಗಡಿಯವರ ತಲೆನೋವು ಏನು ಅಂತ ನೋಡಿದರು, ಅಲ್ವಾ?

ನಿಮ್ಮ ಗ್ರಾಹಕರದ್ದೇನು? ಡಿಸೆಂಬರ್ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿ ಸಣ್ಣ ಬಾಯಿಂದ ಬರೋದೇ ಇಲ್ಲ. ನಮ್ಮಮ್ಮ ಬಾಟಲಿಯನ್ನು ಒಲೆ ಪಕ್ಕ ಇಟ್ಟು ಕಾಯುತ್ತಾರೆ. ‘ಮೇಣ ಬೆರೆಸಿದ್ದಾರೆ’ ಅನ್ನುವವರೂ ಇದ್ದಾರೆ! ಅಗಲ ಬಾಯಿಯ ಜಾಡಿ ಕೊಡಿ, ಚಮಚ ಹಾಕಿ ತೆಗೆಯಲಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದು ಸಹಜ ಅಂತ ಮುಚ್ಚಳದ ಮೇಲೆ ಬರೆಸಿ. ‘ಶುದ್ಧ, ನೈಸರ್ಗಿಕ’ ಸುಮ್ನೆ ಜಾಗ ದಂಡ, ಎಲ್ಲರೂ ಬರೆಯುತ್ತಾರೆ. ತಿಪಟೂರು ಅಂತ ದಪ್ಪ ಅಕ್ಷರದಲ್ಲಿರಲಿ, ಕೆಳಗೆ ಗಾಣ ಆಡಿಸಿದ ತಾರೀಖು. ಮೊದಲು ಐವತ್ತು ಜಾಡಿ ಮಾತ್ರ ಮಾಡಿಸಿ ನೋಡಿ.