ಕೈ ಹೋಯಿತು ಅನ್ನುವ ಮೊದಲು ದೀಪ, ಕನ್ನಡಕ, ಬ್ರಷ್ಷಿನ ಹಿಡಿ ನೋಡಿ

ಮೇಡಂ, ನಮ್ಮ ಈ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಎರಡು ಸಲ ಓದಿದೆ. ವಯಸ್ಸು 66, ಮೂವತ್ತು ವರ್ಷದ ಜಲವರ್ಣದ ರೂಢಿ. ಈಗ ಹೆಬ್ಬೆರಳ ಬುಡ ನೋಯುತ್ತದೆ, ಸಣ್ಣ ಗೆರೆ ನಡುಗುತ್ತದೆ, ಚಿತ್ರದಲ್ಲಿ ನೀಲಿ ಜಾಸ್ತಿ ಆಗುತ್ತಿದೆ ಅಂತ ಮನೆಯವರು ಹೇಳುತ್ತಾರೆ. ‘ಬಿಟ್ಟುಬಿಡಲಾ?’ ಅಂತ ಕೇಳಿದ್ದೀರಿ. ನನಗೆ 71. ಮೂರು ವರ್ಷದ ಹಿಂದೆ ನಾನೂ ಇದೇ ಮಾತಾಡಿ, ಬಣ್ಣದ ಡಬ್ಬಿ ಅಟ್ಟಕ್ಕೆ ಹಾಕಿ ಎಂಟು ತಿಂಗಳು ಸುಮ್ಮನೆ ಕೂತವನು. ಆಮೇಲೆ ಗೊತ್ತಾಯಿತು, ಕೈ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಅರ್ಧ ಕಣ್ಣಿನದು, ಇನ್ನರ್ಧ ತಲೆ ಮೇಲಿನ ಟ್ಯೂಬ್‌ಲೈಟಿನದು.

ಮೊದಲು ನೀಲಿಯ ವಿಷಯ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಮಂಕಾಗಿ ಕಾಣುತ್ತದೆ. ಸಾಲದು ಅನಿಸಿ ನಾವು ಇನ್ನೊಂದಿಷ್ಟು ಹಾಕುತ್ತೇವೆ. ಪೊರೆ ಬಂದರಂತೂ ಮುಗಿಯಿತು. ಫ್ರೆಂಚ್ ಚಿತ್ರಕಾರ ಮೋನೆಗೆ ಪೊರೆ ಬಂದಾಗ ಬಣ್ಣದ ಟ್ಯೂಬಿನ ಮೇಲಿನ ಹೆಸರು ಓದಿ, ಪ್ಯಾಲೆಟ್ಟಿನಲ್ಲಿ ಬಣ್ಣಗಳ ಜಾಗ ಬದಲಾಯಿಸದೆ ಕೆಲಸ ಮಾಡುತ್ತಿದ್ದರು. ಕಣ್ಣಿನ ಆಪರೇಷನ್ ಆದದ್ದು 1923ರಲ್ಲಿ. ನೀವೂ ಪ್ಯಾಲೆಟ್ಟಿನ ಗುಳಿಗಳ ಪಕ್ಕ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ, ಆ ಸಾಲನ್ನು ಎಂದೂ ಕದಲಿಸಬೇಡಿ. ಕಣ್ಣಿನ ಡಾಕ್ಟರ ಹತ್ತಿರ ಪೊರೆ ಇದೆಯಾ ಅಂತ ನೋಡಿಸಿ.

ಬೆಳಕಿನ ಬಗ್ಗೆ ಹೆಚ್ಚು ಹೇಳುತ್ತೇನೆ, ಯಾಕೆಂದರೆ ನನಗೆ ದೊಡ್ಡ ಫಲ ಸಿಕ್ಕಿದ್ದು ಅಲ್ಲೇ. ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಅರವತ್ತರವರ ಕಣ್ಣಿನ ಪರದೆಗೆ ತಲುಪುವುದು ಸುಮಾರು ಮೂರನೇ ಒಂದು ಪಾಲು ಬೆಳಕು. ಚಾವಣಿಯ ದೀಪ ಒಂದೇ ಇದ್ದರೆ ನಮ್ಮ ತಲೆಯ ನೆರಳೇ ಕಾಗದದ ಮೇಲೆ ಬೀಳುತ್ತದೆ. ಬಲಗೈಯವರಾದರೆ ಎಡಗಡೆ ಒಂದು ಮೇಜುದೀಪ ಇಡಿ. ಬಲ್ಬಿನ ಡಬ್ಬಿ ಮೇಲೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 90 ಅಥವಾ ಜಾಸ್ತಿ, 4000ರಿಂದ 5000 ಕೆಲ್ವಿನ್ (ಬೆಳಕು ಹಳದಿಯೋ ಬಿಳಿಯೋ ಅನ್ನುವ ಲೆಕ್ಕ) ಅಂತ ಇದೆಯಾ ನೋಡಿ ತನ್ನಿ. ವ್ಯಾಟ್ ಒಂದನ್ನೇ ನೋಡಿ ತಂದರೆ ಬಣ್ಣ ಸುಳ್ಳು ಹೇಳುತ್ತದೆ.

ಕನ್ನಡಕದ್ದೂ ಒಂದು ಕತೆ. ಚಾಳೀಸಿನ ಕನ್ನಡಕ ಪುಸ್ತಕದ ದೂರಕ್ಕೆ, ಅಂದರೆ 40 ಸೆಂಟಿಮೀಟರ್ ಸುಮಾರಿಗೆ, ಮಾಡಿದ್ದು. ಚಿತ್ರ ಬರೆಯುವಾಗ ಕಾಗದ 60-70 ಸೆಂಟಿಮೀಟರ್ ದೂರ ಇರುತ್ತದೆ. ಅದಕ್ಕೇ ನಾವು ಬಗ್ಗಿ ಬಗ್ಗಿ ಕುತ್ತಿಗೆ ಹಾಳು ಮಾಡಿಕೊಳ್ಳುವುದು. ನೀವು ಕೂರುವ ಭಂಗಿಯಲ್ಲಿ ಕಣ್ಣಿಂದ ಕಾಗದಕ್ಕೆ ಟೇಪಿನಲ್ಲಿ ಅಳೆಸಿ, ಆ ಲೆಕ್ಕ ಕೊಟ್ಟು ಇನ್ನೊಂದು ಕನ್ನಡಕ ಮಾಡಿಸಿ. ನನ್ನ ನಡುಗುವ ಗೆರೆ ಇದರಿಂದಲೇ ಎಷ್ಟೋ ನೆಟ್ಟಗಾಯಿತು. ಮಸುಕಾಗಿ ಕಂಡರೆ ಕೈ ತಡಕಾಡದೆ ಇನ್ನೇನು ಮಾಡುತ್ತದೆ?

ಇನ್ನು ಹೆಬ್ಬೆರಳು. ಬೆರಳ ತುದಿಯಲ್ಲಿ ಚಿವುಟಿ ಹಿಡಿದಾಗ ಆ ಒತ್ತಡ ಬುಡದ ಕೀಲಿನ ಮೇಲೆ ಹತ್ತು-ಹನ್ನೆರಡು ಪಟ್ಟಾಗಿ ಬೀಳುತ್ತದೆ. ಬ್ರಷ್ಷಿನ ಹಿಡಿ ದಪ್ಪ ಆದಷ್ಟೂ ಚಿವುಟುವುದು ಕಡಿಮೆ. ಅದಕ್ಕೆ ಸ್ಪಂಜಿನ ಕೊಳವೆ ತೂರಿಸಿ. ಸಿಗದಿದ್ದರೆ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೂ ಸಾಕು. ನೋಡಲು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗಿರುತ್ತದೆ, ಇರಲಿ. ಟ್ಯೂಬಿನ ಮುಚ್ಚಳದ ಜೊತೆ ದಿನಾ ಗುದ್ದಾಡಬೇಡಿ. ವಾರಕ್ಕೊಮ್ಮೆ ಯಾರಿಂದಾದರೂ ಬಣ್ಣವನ್ನು ಗುಳಿಗಳಿಗೆ ಹಿಂಡಿಸಿಟ್ಟು, ಒಣಗಿದ್ದನ್ನು ಒದ್ದೆ ಬ್ರಷ್ಷಿನಲ್ಲಿ ಎತ್ತಿಕೊಳ್ಳಿ.

ನಡುಕ ಶುರುವಾದವರು ಕಾಗದ ಚಿಕ್ಕದು ಮಾಡಿಕೊಂಡು ಉಸಿರು ಬಿಗಿಹಿಡಿದು ಬರೆಯುತ್ತಾರೆ. ನೀವು ಇದಕ್ಕೆ ಉಲ್ಟಾ ಮಾಡಿ. ಕಾಗದ ದೊಡ್ಡದಿರಲಿ, ಬ್ರಷ್ ಎರಡು ನಂಬರ್ ಮೇಲಿನದಿರಲಿ, ಗೆರೆ ಬೆರಳಿಂದ ಬೇಡ, ಭುಜದಿಂದ ಬರಲಿ. ಸಣ್ಣ ಕೆಲಸ ಬಂದಾಗ ಮಾತ್ರ ಎಡಗೈಯಲ್ಲಿ ಒಂದು ಕೋಲು ಅಡ್ಡ ಹಿಡಿದು ಅದರ ಮೇಲೆ ಬಲ ಮಣಿಕಟ್ಟು ಊರಿ.

ಭಾನುವಾರ ಮೂರು ಗಂಟೆ ಕೂತು ಸೋಮವಾರ ಕೈ ಎತ್ತಲಾಗದ ಹಾಗೆ ಮಾಡಿಕೊಳ್ಳಬೇಡಿ. ದಿನಕ್ಕೆ ಎರಡು ಸಲ, 25 ನಿಮಿಷ, ಗಡಿಯಾರ ಇಟ್ಟು. ಏಳುವಾಗ ಸುಲಭದ ಒಂದು ಭಾಗ ಬೇಕೆಂದೇ ಉಳಿಸಿ. ಮರುದಿನ ಎಲ್ಲಿಂದ ಶುರು ಮಾಡಲಿ ಅನ್ನುವ ಸೋಮಾರಿತನಕ್ಕೆ ನನಗೆ ಕೆಲಸ ಮಾಡಿದ ಮದ್ದು ಇದೊಂದೇ.

ಇಲ್ಲಿ ಯಾರೋ ಫ್ರೆಂಚ್ ಚಿತ್ರಕಾರ ಮತೀಸ್ ಉದಾಹರಣೆ ಕೊಟ್ಟಿದ್ದಾರೆ. 1941ರ ಹೊಟ್ಟೆಯ ಆಪರೇಷನ್ ನಂತರ ಅವರ ಬಹಳಷ್ಟು ಕೆಲಸ ಹಾಸಿಗೆ, ಗಾಲಿಕುರ್ಚಿಯಲ್ಲೇ. ಕತ್ತರಿ ಹಿಡಿದು ಬಣ್ಣದ ಕಾಗದ ಕತ್ತರಿಸಿದರು, ನಿಜ. ಬಂಗಾಳದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ದೃಷ್ಟಿ ಪೂರ್ತಿ ಹೋದಮೇಲೂ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, 1972ರಲ್ಲಿ ಶಾಂತಿನಿಕೇತನದಲ್ಲಿ ಟೈಲ್ಸಿನ ಭಿತ್ತಿಚಿತ್ರವನ್ನೂ ಮಾಡಿದರು. ಇವರ ಛಲದ ಕತೆ ಕೇಳಿ ನನಗೆ ಸುಸ್ತಾಗುತ್ತದೆ. ನಮಗೆ ಬೇಕಾದ ಸಂಗತಿ ಬೇರೆ: ಮತೀಸರ ಕಾಗದಕ್ಕೆ ಬಣ್ಣ ಬಳಿದವರು ಸಹಾಯಕರು. ಕಾಗದ ಬಿಗಿಯಲು, ನೀರು ತರಲು ಮನೆಯ ಮಕ್ಕಳನ್ನು ಕರೆಯಿರಿ. ‘ಎಲ್ಲ ನಾನೇ ಮಾಡಬೇಕು’ ಅನ್ನುವ ಬಿಗುಮಾನದಲ್ಲಿ ಎಂಟು ತಿಂಗಳು ಕಳೆದವನು ಹೇಳುತ್ತಿದ್ದೇನೆ.

ಎರಡು ವಿಷಯ ಮಾತ್ರ ಗುಂಪಿನಲ್ಲಿ ಕೇಳಬೇಡಿ, ಡಾಕ್ಟರಿಗೆ ತೋರಿಸಿ. ಬೆಳಗ್ಗೆ ಎದ್ದಾಗ ಬೆರಳು ಗಂಟೆಗಿಂತ ಹೆಚ್ಚು ಹೊತ್ತು ಬಿಗಿದುಕೊಂಡು ಗೆಣ್ಣು ಊದಿದ್ದರೆ, ಅಥವಾ ಕೈ ಸುಮ್ಮನೆ ತೊಡೆಯ ಮೇಲಿದ್ದಾಗಲೇ ನಡುಗುತ್ತಿದ್ದರೆ. ನಿಮ್ಮದು ಗೆರೆ ಎಳೆಯುವಾಗ ಮಾತ್ರ ನಡುಗುವುದಾ? ಅದನ್ನು ಬರೆದಿಲ್ಲ ನೀವು.