ದವಡೆ ಕೀಲಿನ ನೋವಿಗೆ ಹಲ್ಲಿನ ಡಾಕ್ಟರ್, ಕೈರೋಪ್ರಾಕ್ಟರ್ ಇಬ್ಬರ ಹತ್ತಿರವೂ ತೋರಿಸಬಹುದೇ?

ನಿಮಗೆ 6 ತಿಂಗಳಿಂದ ಬಾಯಿ ತೆರೆದರೆ ಕಿವಿಯ ಮುಂದೆ ಟಕ್ ಅನ್ನುತ್ತಿದೆ, ಬೆಳಿಗ್ಗೆ ದವಡೆ ಬಿಗಿದಿರುತ್ತದೆ, ಕತ್ತೂ ನೋಯುತ್ತಿದೆ ಅಂದಿದ್ದೀರಿ. ಹಲ್ಲಿನ ಡಾಕ್ಟರ್ ನೈಟ್ ಗಾರ್ಡ್ (ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ) ಕೊಟ್ಟಿದ್ದಾರೆ, ಗೆಳೆಯರು ಕೈರೋಪ್ರಾಕ್ಟರ್ (ಬೆನ್ನು, ಕತ್ತಿನ ಕೀಲುಗಳಿಗೆ ಕೈಯಿಂದ ಚಿಕಿತ್ಸೆ ಮಾಡುವವರು) ಹತ್ತಿರ ಹೋಗಿ ಅನ್ನುತ್ತಿದ್ದಾರೆ, ಎರಡೂ ಒಟ್ಟಿಗೆ ಮಾಡಿಸಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ಮಾಡಿಸಬಹುದು. ಆದರೆ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲೇಬೇಕು. ಇದನ್ನು ನಾನು ಅನುಭವಿಸಿ ಕಲಿತೆ.

ನಾನು ಹೈಸ್ಕೂಲ್ ಟೀಚರ್. ಒಂದು ಏಪ್ರಿಲ್‌ನಲ್ಲಿ ದಿನವಿಡೀ ಬಗ್ಗಿ ಕೂತು ಉತ್ತರ ಪತ್ರಿಕೆ ತಿದ್ದಿದ್ದೆ. ಒಂದು ಬೆಳಿಗ್ಗೆ ರೊಟ್ಟಿ ತುತ್ತು ಬಾಯಿಗಿಡಲು ಹೋದರೆ ಬಾಯಿ ಅರ್ಧಕ್ಕೇ ನಿಂತುಬಿಟ್ಟಿತು. ಹಲ್ಲಿನ ಡಾಕ್ಟರ್ ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿದರು. ಆಮೇಲೆ ಮೇಲಿನ ಹಲ್ಲಿಂದ ಕೆಳಗಿನ ಹಲ್ಲಿಗೆ ಸ್ಕೇಲ್ ಇಟ್ಟು ಅಳೆದರು. 26 ಮಿಲಿಮೀಟರ್. ದೊಡ್ಡವರಿಗೆ ಸಾಮಾನ್ಯವಾಗಿ 40ರಿಂದ 50 ಬರಬೇಕು. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ತೋರಿಸಿ, "ರಾತ್ರಿ ಹಲ್ಲು ಕಚ್ಚುತ್ತೀರಿ" ಅಂದರು. ಗಾರ್ಡ್ ಮಾಡಿಕೊಟ್ಟರು.

ಎರಡು ವಾರದಲ್ಲಿ ಬೆಳಗಿನ ಬಿಗಿತ ಕಡಿಮೆಯಾಯಿತು. ಮಧ್ಯಾಹ್ನದ ನೋವು ಮಾತ್ರ ಹಾಗೇ ಇತ್ತು. ಆಗ ಯಾರಿಗೂ ಹೇಳದೆ ಕೈರೋಪ್ರಾಕ್ಟರ್ ಹತ್ತಿರ ಹೋದೆ. ತಲೆಬುರುಡೆಯ ಬುಡದಲ್ಲಿ ಹೆಬ್ಬೆರಳಿಂದ ನಿಧಾನವಾಗಿ ಒತ್ತಿದರು, ಗ್ಲೌಸ್ ಹಾಕಿಕೊಂಡು ಕೆನ್ನೆಯ ಒಳಗಿನ ಸ್ನಾಯುವನ್ನೂ ಸಡಿಲಿಸಿದರು. ಕತ್ತು ಹಗುರ ಅನಿಸಿತು. ಆದರೆ ಅವತ್ತು ರಾತ್ರಿ ಗಾರ್ಡ್ ಹಾಕಿಕೊಂಡರೆ ಬಲಗಡೆ ಎತ್ತರ ಇದ್ದಂತೆ ತಗುಲುತ್ತಿತ್ತು. ಹಲ್ಲಿನ ಡಾಕ್ಟರ್ ನೀಲಿ ಕಾಗದ ಕಚ್ಚಿಸಿ ನೋಡಿದಾಗ ಗುರುತೆಲ್ಲ ಬಲಗಡೆಯೇ. "ಮಧ್ಯೆ ಏನು ಮಾಡಿಸಿದಿರಿ?" ಅಂತ ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ, ಅಲ್ಲೇ ಆ ಕೈರೋಪ್ರಾಕ್ಟರ್‌ಗೆ ಫೋನ್ ಮಾಡಿದರು. ಅಲ್ಲಿಂದ ಮುಂದೆ ಕತ್ತಿನ ಚಿಕಿತ್ಸೆ ಆಗಿ ಕೆಲವು ದಿನಕ್ಕೆ ಗಾರ್ಡ್ ನೋಡಿ ಸರಿಮಾಡುವುದು ಅಂತ ಇಬ್ಬರೂ ಮಾತಾಡಿಕೊಂಡರು. ನನಗೆ ನಿಜವಾಗಿ ಗುಣ ಕಂಡಿದ್ದು ಆಗಲೇ.

ಕತ್ತಿಗೂ ಕಚ್ಚುವುದಕ್ಕೂ ಏನು ಸಂಬಂಧ ಅಂತೀರಾ? ಈಗಲೇ ಮಾಡಿ ನೋಡಿ. ತಲೆ ಹಿಂದಕ್ಕೆ ವಾಲಿಸಿ ಹಲ್ಲನ್ನು ಮೆಲ್ಲಗೆ ತಟ್ಟಿ. ಈಗ ಗದ್ದವನ್ನು ಎದೆಗೆ ತಂದು ತಟ್ಟಿ. ತಗುಲುವ ಜಾಗ ಬೇರೆ, ಅಲ್ವಾ? ಇಷ್ಟೇ ಅಲ್ಲ, ಕತ್ತಿನ ಮೇಲ್ಭಾಗದ ನರಗಳೂ ಮುಖ, ದವಡೆಯ ನೋವು ತಿಳಿಸುವ ನರವೂ ಮೆದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ಹಾಗಾಗಿ ಕತ್ತಿನ ನೋವು ದವಡೆಯಲ್ಲಿ ಕಾಣಿಸಬಹುದು.

2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗಸೂಚಿ ಹಳೆಯ ದವಡೆ ನೋವಿಗೆ ಕೈಯಿಂದ ಕೀಲು ಸಡಿಲಿಸುವುದು, ಸ್ನಾಯುವಿನ ಗಂಟು ಒತ್ತುವುದು, ದವಡೆಯ ವ್ಯಾಯಾಮ, ಕೂರುವ ಭಂಗಿ ತಿದ್ದುವುದು, ಯೋಚನೆ, ವರ್ತನೆ ಬದಲಿಸಿ ನೋವು ನಿಭಾಯಿಸಲು ಕಲಿಸುವ ಕೌನ್ಸೆಲಿಂಗ್, ಇವನ್ನು ಗಟ್ಟಿಯಾಗಿ ಶಿಫಾರಸು ಮಾಡಿತು. ಆದರೆ ನೋವಿಗೆ ಗಾರ್ಡ್ ಬೇಡ ಅನ್ನುವ ಕಡೆಗೇ ವಾಲಿತು, ಅಷ್ಟು ಗಟ್ಟಿಯಾಗಿ ಹೇಳಲಿಲ್ಲ ಅಷ್ಟೇ. ನಾನು ಇನ್ನೂ ಹಾಕಿಕೊಳ್ಳುವುದು ಹಲ್ಲು ಸವೆಯದಿರಲಿ ಅಂತ. ಕೈಯಿಂದ ಮಾಡುವ ಈ ಚಿಕಿತ್ಸೆಯನ್ನು ಒಳ್ಳೆಯ ಫಿಸಿಯೋಥೆರಪಿಸ್ಟ್ ಕೂಡ ಮಾಡುತ್ತಾರೆ. ನಿಮ್ಮೂರಲ್ಲಿ ಕೈರೋಪ್ರಾಕ್ಟರ್ ಇಲ್ಲದಿದ್ದರೆ ಚಿಂತೆ ಬೇಡ.

ಎರಡು ವಿಷಯಕ್ಕೆ ದಯವಿಟ್ಟು ಒಪ್ಪಬೇಡಿ. ಒಂದು, ಕತ್ತನ್ನು ಝಟ್ಟನೆ ತಿರುಗಿಸಿ ನೆಟಿಕೆ ತೆಗೆಯುವುದು. ಕಟಿಂಗ್ ಶಾಪ್‌ನಲ್ಲಾಗಲಿ, ಕ್ಲಿನಿಕ್‌ನಲ್ಲಾಗಲಿ ಬೇಡ. ಅಪರೂಪಕ್ಕೆ ಕತ್ತಿನ ರಕ್ತನಾಳದ ಒಳಪದರ ಹರಿದು ಲಕ್ವ ಹೊಡೆದದ್ದುಂಟು. ದವಡೆ ನೋವಿಗೆ ಅಷ್ಟು ದೊಡ್ಡ ಅಪಾಯ ಯಾಕೆ? ಇನ್ನೊಂದು, ಹಲ್ಲು ಕಚ್ಚುವ ರೀತಿ ಸರಿಮಾಡುತ್ತೇವೆ ಅಂದರೆ ಒಳ್ಳೆಯ ಹಲ್ಲುಗಳನ್ನು ಸವೆಸಿಸಿಕೊಳ್ಳುವುದು. ಸವೆಸಿದ ಹಲ್ಲು ಮತ್ತೆ ಬರುವುದಿಲ್ಲ.

ಇನ್ನೊಂದು ಮಾತು. ಗುಟ್ಕಾ, ಅಡಿಕೆ ಜಗಿಯುವ ಅಭ್ಯಾಸ ಇದ್ದು ಬಾಯಿ ಕ್ರಮೇಣ ಕಿರಿದಾಗುತ್ತಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಅದು ಕೀಲಿನ ತೊಂದರೆ ಅಲ್ಲದೇ ಇರಬಹುದು. ಕೆನ್ನೆಯ ಒಳಪದರ ಗಟ್ಟಿಯಾಗುವ ಆ ಕಾಯಿಲೆ ಕ್ಯಾನ್ಸರ್‌ಗೂ ತಿರುಗಬಹುದು. ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಬೇಗ ತೋರಿಸಿ. ದವಡೆ ನೋವಿನ ಜೊತೆ ಎದೆ ಹಿಡಿದುಕೊಂಡರೆ, ಬೆವರಿದರೆ, ಸೀದಾ ಹೃದಯದ ಆಸ್ಪತ್ರೆಗೆ ಹೋಗಿ.

ನೋವು ಕಡಿಮೆಯಾಗುವವರೆಗೆ ಚಕ್ಕುಲಿ, ಕಬ್ಬು ಬಿಡಿ. ಬಿಸಿ ಬಟ್ಟೆಯ ಶಾಖ ಕೊಡಿ. ಆಕಳಿಸುವಾಗ ಗದ್ದದ ಕೆಳಗೆ ಕೈ ಕೊಡಿ. ಸುಮ್ನೆ ಕೂತಾಗ ತುಟಿ ಮುಚ್ಚಿರಲಿ, ಹಲ್ಲು ಮಾತ್ರ ಒಂದಕ್ಕೊಂದು ತಗುಲದಿರಲಿ. ನಾನು ಸ್ಟಾಫ್ ರೂಮಿನ ಗಡಿಯಾರದ ಕೆಳಗೆ ಒಂದು ಕೆಂಪು ಚುಕ್ಕೆ ಅಂಟಿಸಿದ್ದೆ. ಅದು ಕಂಡಾಗೆಲ್ಲ ಹಲ್ಲು ಬಿಡಿಸುತ್ತಿದ್ದೆ.

ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹೋಗುತ್ತಾ? ನೋಡಿ ಕಾಮೆಂಟ್‌ನಲ್ಲಿ ತಿಳಿಸಿ.