ಸದ್ದೇ ಇಲ್ಲದಾಗಲೂ ಮೈಕ್ 512 ತೋರಿಸುವುದೇಕೆ?

ಪ್ರಶ್ನೆ: ಸರ್, ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ವಿದ್ಯಾರ್ಥಿ. ಮನೆ ಹಿಂದಿನ, ಗೂಡಿನಿಂದ ನೂಲು ಬಿಚ್ಚುವ ರೇಷ್ಮೆ ಫಿಲೇಚರ್‌ನ ಸದ್ದು ಅಳೆಯೋಣ ಅಂತ ಆರ್ಡುಯಿನೊ ಊನೊ ಎಂಬ ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡಿಗೆ ಮ್ಯಾಕ್ಸ್ 4466 ಮೈಕ್ ಮಾಡ್ಯೂಲ್ ಹಾಕಿದ್ದೇನೆ. ಮಿಷನ್ ನಿಂತಿದ್ದರೂ ರೀಡಿಂಗ್ 512ರ ಹತ್ತಿರ ಕುಣಿಯುತ್ತಿರುತ್ತದೆ. ನೂರು ರೀಡಿಂಗ್ ಸರಾಸರಿ ತೆಗೆದರೆ ಮಿಷನ್ ಓಡುವಾಗಲೂ ಅದೇ 512! ಮೈಕ್ ಕೆಟ್ಟಿದೆಯಾ?
– ಓದುಗ, ಶಿಡ್ಲಘಟ್ಟ

ಉತ್ತರ: ಮೈಕ್ ಚೆನ್ನಾಗಿಯೇ ಇದೆ, ಇನ್ನೊಂದಕ್ಕೆ ದುಡ್ಡು ಹಾಕಬೇಡಿ. ಮೈಕಿನ ಸಿಗ್ನಲ್ ಸೊನ್ನೆಯ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಹೋಗುತ್ತದೆ. ಊನೊಗೆ ಸೊನ್ನೆ ವೋಲ್ಟ್‌ಗಿಂತ ಕೆಳಗಿನದು ಕಾಣುವುದೇ ಇಲ್ಲ. ಅದಕ್ಕೇ ಮಾಡ್ಯೂಲ್ ಇಡೀ ಸಿಗ್ನಲನ್ನು ಸಪ್ಲೈನ ಅರ್ಧಕ್ಕೆ ಎತ್ತಿ ಕೂರಿಸುತ್ತದೆ. 5 ವೋಲ್ಟ್ ಕೊಟ್ಟರೆ 2.5 ವೋಲ್ಟ್, ಊನೊ ವೋಲ್ಟನ್ನು ತೋರಿಸುವ 0ಯಿಂದ 1023ರ ಲೆಕ್ಕದಲ್ಲಿ ಅದು 512ರ ಆಸುಪಾಸು. ಇದೇ ಆಫ್‌ಸೆಟ್. ಮಿಷನ್ ನಿಂತಾಗಲೂ ಅದರ ಮೇಲೆ ಕುಣಿಯುವುದು ನಾಯ್ಸ್, ಅಂದರೆ ಬೇಡದ ಏರಿಳಿತ. ಎರಡೂ ಬೇರೆ, ಮದ್ದೂ ಬೇರೆ.

ಸರಾಸರಿ ತೆಗೆದಾಗ ಮೇಲೆ ಹೋದದ್ದು, ಕೆಳಗೆ ಬಂದದ್ದು ಒಂದಕ್ಕೊಂದು ವಜಾ ಆಗಿ ಆಫ್‌ಸೆಟ್ ಮಾತ್ರ ಉಳಿಯುತ್ತದೆ. ಅಳೆಯಬೇಕಾದ ಸದ್ದನ್ನೇ ಅಳಿಸಿ ಹಾಕಿದಂತಾಯ್ತು, ಅಲ್ವಾ? ಹಾಗಾಗಿ ಪ್ರತಿ ರೀಡಿಂಗಿನಿಂದ ಮೊದಲು ಆ ಸರಾಸರಿಯನ್ನು ಕಳೆಯಿರಿ, ಉಳಿದದ್ದನ್ನು ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು ವರ್ಗಮೂಲ ಹಾಕಿ. ಆರ್‌ಎಂಎಸ್ ಅನ್ನುವುದು ಇದನ್ನೇ. 512 ಅನ್ನುವ ಅಂಕಿಯನ್ನು ಪಕ್ಕಾ ಅಂತ ನಂಬಬೇಡಿ. ಒಂದು ಮಾಡ್ಯೂಲಿನಲ್ಲಿ ಅದು 508 ಇರಬಹುದು, ಇನ್ನೊಂದರಲ್ಲಿ 517. ಪ್ರತಿ ಸಲವೂ ಆಗಿನ ರೀಡಿಂಗುಗಳಿಂದಲೇ ಸರಾಸರಿ ತೆಗೆಯಿರಿ.

ಎಷ್ಟು ಹೊತ್ತು ಅಳೆಯಬೇಕು ಅನ್ನುವುದೂ ಮುಖ್ಯ. ನಮ್ಮ ಕರೆಂಟು 50 ಹರ್ಟ್ಸ್, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಅದರ ಪೂರ್ತಿ ಪಟ್ಟು, ಉದಾಹರಣೆಗೆ 200 ಮಿಲಿಸೆಕೆಂಡ್, ತೆಗೆದುಕೊಂಡರೆ ಕರೆಂಟಿನ ಗುಂಯ್ ಸದ್ದು ಸರಾಸರಿಯನ್ನು ಅತ್ತಿತ್ತ ಎಳೆಯುವುದಿಲ್ಲ. ಅಷ್ಟರಲ್ಲಿ ಊನೊ ಹತ್ತಿರ ಹತ್ತಿರ 2000 ರೀಡಿಂಗ್ ಕೊಡುತ್ತದೆ, ಅದರ 2 ಕೆಬಿ ರ‍್ಯಾಮಿನಲ್ಲಿ ಅಷ್ಟನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ, ಆದ್ದರಿಂದ ಮೊತ್ತ ಮತ್ತು ವರ್ಗಗಳ ಮೊತ್ತ ಎರಡನ್ನೇ ಕೂಡಿಸುತ್ತಾ ಹೋಗಿ. ಕೊನೆಗೆ ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗ ಕಳೆದು ವರ್ಗಮೂಲ ಹಾಕಿದರೆ ಅದೇ ಉತ್ತರ ಬರುತ್ತದೆ. ಇಲ್ಲೊಂದು ಎಚ್ಚರ: ಊನೊದಲ್ಲಿ ಇಂಟ್ (ಕೋಡಿನ ಸಣ್ಣ ಪೂರ್ಣಾಂಕ) 32767 ದಾಟುವುದಿಲ್ಲ, 512ರ ವರ್ಗವೇ 262144. ಗುಣಿಸುವ ಮೊದಲೇ ಲಾಂಗ್ (ದೊಡ್ಡ ಪೂರ್ಣಾಂಕ) ಮಾಡಿಕೊಳ್ಳದಿದ್ದರೆ ಅರ್ಥವಿಲ್ಲದ ಅಂಕಿ ಬರುತ್ತದೆ.

ಇನ್ನು ನಾಯ್ಸ್. ಯುಎಸ್‌ಬಿ ಚಾರ್ಜರ್ ತೆಗೆದು ಪವರ್ ಬ್ಯಾಂಕ್ ಹಾಕಿ ನೋಡಿ. ಕುಣಿತ ಕಡಿಮೆಯಾದರೆ ಕಳ್ಳ ಚಾರ್ಜರೇ. ಮಾಡ್ಯೂಲಿಗೆ 5ರ ಬದಲು ಊನೊದ 3.3 ವೋಲ್ಟ್ ಪಿನ್ ಕೊಟ್ಟು, ಅದನ್ನೇ ಅಳತೆಯ ಗರಿಷ್ಠ ವೋಲ್ಟ್ (ರೆಫರೆನ್ಸ್) ತಿಳಿಸುವ ಎಆರ್‌ಇಎಫ್ ಪಿನ್ನಿಗೂ ಸೇರಿಸಿದರೆ ಸಾಮಾನ್ಯವಾಗಿ ಇನ್ನೂ ಶಾಂತ. ಆದರೆ ರೀಡಿಂಗ್ ಶುರುವಾಗುವ ಮುಂಚೆಯೇ ಕೋಡಿನಲ್ಲಿ ರೆಫರೆನ್ಸ್ ಎಕ್ಸ್‌ಟರ್ನಲ್ ಅಂತ ಹೇಳಿರಬೇಕು, ಇಲ್ಲದಿದ್ದರೆ ಚಿಪ್ಪಿಗೇ ಪೆಟ್ಟು. ವೈರ್ ಗಿಡ್ಡ ಇರಲಿ.

ಉಳಿದ ನಾಯ್ಸನ್ನು ನೇರವಾಗಿ ಕಳೆಯಬೇಡಿ. ಮಿಷನ್ ನಿಂತಾಗ ಆರ್‌ಎಂಎಸ್ 3, ಓಡುವಾಗ 5 ಬಂದರೆ ಫಿಲೇಚರ್‌ನ ಪಾಲು 2 ಅಲ್ಲ, 4. ಏಕೆಂದರೆ ವರ್ಗಗಳನ್ನು ಕಳೆಯಬೇಕು: 25ರಲ್ಲಿ 9 ಹೋದರೆ 16.

ಈ ಅಂಕಿ ಡೆಸಿಬಲ್ ಅಲ್ಲ. ವಸತಿ ಪ್ರದೇಶಕ್ಕೆ 2000ದ ಶಬ್ದ ಮಾಲಿನ್ಯ ನಿಯಮದಲ್ಲಿರುವ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಗೆ ಹೋಲಿಸುವ ಮುಂಚೆ ಕಾಲೇಜಿನ ಸೌಂಡ್ ಲೆವೆಲ್ ಮೀಟರನ್ನು ಪಕ್ಕದಲ್ಲಿಟ್ಟು ತಾಳೆ ನೋಡಿ. ಆಮೇಲೆ ಮಾಡ್ಯೂಲಿನ ಹಿಂದಿನ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಸ್ಕ್ರೂ ಮುಟ್ಟಬೇಡಿ.

ಪ್ರಶ್ನೆ: ಟೊಮೆಟೊ ಮಂಡಿಯ ಹರಾಜಿನ ಕೂಗಿಗೂ ಮನೆಯ ಮಾತಿಗೂ ನನ್ನ ಮ್ಯಾಕ್ಸ್ 9814 ಹೆಚ್ಚುಕಡಿಮೆ ಒಂದೇ ಅಂಕಿ ಕೊಡುತ್ತದೆ. ಏನು ಮಾಡಲಿ?
– ಓದುಗರು, ಕೋಲಾರ

ಉತ್ತರ: ಆ ಚಿಪ್ ಸಣ್ಣ ಸದ್ದನ್ನು ತಾನೇ ಜಾಸ್ತಿ ಮಾಡುತ್ತದೆ, ದೊಡ್ಡದನ್ನು ತಗ್ಗಿಸುತ್ತದೆ. ಮಾತು ರೆಕಾರ್ಡ್ ಮಾಡಲು ಒಳ್ಳೆಯದು, ಅಳೆಯಲು ಆಗದು. ನೀವೂ 4466 ತೆಗೆದುಕೊಳ್ಳಿ. ನಿಮ್ಮದರ ಆಫ್‌ಸೆಟ್ 1.25 ವೋಲ್ಟ್, ಊನೊದಲ್ಲಿ 256ರ ಹತ್ತಿರ. 4466ಕ್ಕೆ ಬದಲಾಯಿಸಿದಾಗ ಹಳೆಯ ಕೋಡಿನಲ್ಲಿ ಆ ಅಂಕಿ ಉಳಿದಿದ್ದರೆ ತೆಗೆದುಬಿಡಿ.